ಎರಡನೇ ಜಿಲ್ಲೆಯ ಕುರ್ಚಿ

ಆರ್ಲನ್ ಅವರೇ, ಟ್ವೆಟ್ ಮನೆತನದ ಎಲ್ಲರೇ, ಪಾದ್ರಿಗಳೇ, ನನ್ನ ಸಹ ನ್ಯಾಯಮೂರ್ತಿಗಳೇ, ವಕೀಲ ಬಂಧುಗಳೇ, ಈ ಊರಿನ ಹಿರಿಯರೇ, ಕಿರಿಯರೇ — ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ದಯವಿಟ್ಟು ಮುಂದೆ ಬನ್ನಿ. ಇಲ್ಲಿ ಮೊದಲ ಸಾಲು ಪೂರ್ತಿ ಖಾಲಿ ಇದೆ. ನಮ್ಮ ಲೂಥರನ್ ಚರ್ಚಿನ ಜನರನ್ನು ಮೊದಲ ಸಾಲಿನಲ್ಲಿ ಕೂರಿಸುವುದು ದೇವರ ಕೈಯಲ್ಲೂ ಆಗದ ಕೆಲಸ ಎಂದು ಮಾರ್ಲಿಸ್ ಅವರೇ ಹೇಳುತ್ತಿದ್ದರು.

ನಮ್ಮನ್ನು ಅಗಲಿದ ನ್ಯಾಯಮೂರ್ತಿ ಮಾರ್ಲಿಸ್ ಟ್ವೆಟ್ ಅವರ ಬಗ್ಗೆ ನಾಲ್ಕು ಮಾತಾಡಬೇಕೆಂದು ಅವರ ಪತಿ ಆರ್ಲನ್ ಕೇಳಿದಾಗ ನಾನು ಒಪ್ಪಲಿಲ್ಲ.

"ಬೇರೆ ಯಾರಾದ್ರೂ ಮಾತಾಡಲಿ ಆರ್ಲನ್. ನಾನು ಕೂತಿರೋದೇ ಅವರ ಕುರ್ಚೀಲಿ," ಎಂದೆ.

"ಅದಕ್ಕೇ ನೀನೇ ಮಾತಾಡ್ಬೇಕು ವೆಂಡೆಲ್. ಉಳಿದೋರು ಅವಳನ್ನ ಹೊಗಳಿ ಕೂತ್ಕೋತಾರೆ," ಎಂದರು.

ಆದ್ದರಿಂದ ನಿಂತಿದ್ದೇನೆ. ಹೊಗಳುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ.

ನಮ್ಮ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ಐದು ಕುರ್ಚಿಗಳು. ಐದು ಜಿಲ್ಲೆ, ಜಿಲ್ಲೆಗೊಂದು ಕುರ್ಚಿ. ಒಂದು ಖಾಲಿಯಾದರೆ ಆ ಜಿಲ್ಲೆಯವರೇ ಅರ್ಜಿ ಹಾಕಬೇಕು. ವಕೀಲರೂ ವಕೀಲರಲ್ಲದವರೂ ಸೇರಿದ ಆಯೋಗ ಎಲ್ಲರನ್ನೂ ಕರೆದು ಮಾತಾಡಿಸಿ ಮೂರು ಹೆಸರು ಆರಿಸುತ್ತದೆ. ಆ ಮೂವರಲ್ಲಿ ಒಬ್ಬರನ್ನು ಗವರ್ನರ್ ನೇಮಿಸುತ್ತಾರೆ. ಅಲ್ಲಿಗೆ ಮುಗಿಯುವುದಿಲ್ಲ — ಕೆಲವು ವರ್ಷಕ್ಕೊಮ್ಮೆ ಆ ಹೆಸರು ಅದೇ ಜಿಲ್ಲೆಯ ಜನರ ಮುಂದೆ ಬರುತ್ತದೆ. ಈ ನ್ಯಾಯಮೂರ್ತಿ ಮುಂದುವರಿಯಬೇಕೇ? ಹೌದು, ಇಲ್ಲ. ಅಷ್ಟೇ. ಎದುರಾಳಿಯೇ ಇಲ್ಲದ ಚುನಾವಣೆ. ಇದರಲ್ಲಿ ಸೋಲುವುದಾದರೂ ಹೇಗೆ ಎಂದು ನಾವೆಲ್ಲ ನಗುತ್ತಿದ್ದೆವು.

ನಗುತ್ತಿದ್ದೆವು — ಆ ವರ್ಷದವರೆಗೆ.

ಆಗ ನಾನು ಇದೇ ಜಿಲ್ಲೆಯಲ್ಲಿ ಕೆಳ ನ್ಯಾಯಾಲಯದ ನ್ಯಾಯಾಧೀಶ. ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕಿದ್ದ ಕೆವಿನ್ ಪಾಸೆಕ್ ಎಂಬ ಹುಡುಗನನ್ನು ದರೋಡೆಗೆ ಬಂದವನು ಗುಂಡಿಟ್ಟು ಕೊಂದ. ನಿಮಗೆಲ್ಲ ಗೊತ್ತು. ಇಲ್ಲಿರುವ ಅರ್ಧ ಜನ ಅವನ ಕೈಯಿಂದ ಕಾಫಿ ಕೊಂಡವರು. ಒಬ್ಬ ಯುವಕ ಸಿಕ್ಕಿಬಿದ್ದ. ಠಾಣೆಯಲ್ಲಿ ಅವನು ವಕೀಲರು ಬೇಕು ಎಂದ. ಮತ್ತೆ ಕೇಳಿದ. ಮತ್ತೆ ಕೇಳಿದ. ವಕೀಲರು ಬರಲಿಲ್ಲ, ಪ್ರಶ್ನೆಗಳು ನಿಲ್ಲಲಿಲ್ಲ. ಕೊನೆಗೆ ತಪ್ಪೊಪ್ಪಿಕೊಂಡ. ವಕೀಲರನ್ನು ಕೊಡದೆ ಪಡೆದ ಆ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸಕೂಡದು ಎಂದು ಆದೇಶ ಕೊಟ್ಟವನು — ಕೇಳಿ — ನಾನು. ಮಾರ್ಲಿಸ್ ಅಲ್ಲ. ನಾನು.

ಸರ್ಕಾರಿ ವಕೀಲರು ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಿದರು. ನನ್ನ ಆದೇಶ ಸರಿಯೆಂದು ಐವರೂ ಒಮ್ಮತದಿಂದ ಹೇಳಿದರು. ತೀರ್ಪನ್ನು ಯಾರು ಬರೆಯಬೇಕು ಎಂಬುದನ್ನು ನಮ್ಮಲ್ಲಿ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಆಗ ಎರಡನೇ ಜಿಲ್ಲೆಯ ಕುರ್ಚಿಯಲ್ಲಿದ್ದ ಮಾರ್ಲಿಸ್ ಅವರಿಗೆ ಬಂತು. ಆ ನವೆಂಬರ್‌ನಲ್ಲಿ ಜನರ ಮುಂದೆ ಹೋಗಬೇಕಿದ್ದ ಹೆಸರೂ ಅವರೊಬ್ಬರದೇ.

ಟಿವಿಯಲ್ಲಿ ಆ ಜಾಹೀರಾತು ನೋಡಿದ್ದೀರಿ. ಮೊದಲು ಟೋಪಿ ಹಾಕಿ ನಗುತ್ತಿರುವ ಕೆವಿನ್. ಆಮೇಲೆ ಕಪ್ಪು ನಿಲುವಂಗಿಯ ಮಾರ್ಲಿಸ್. ಹಿನ್ನೆಲೆಯಲ್ಲಿ ಕೆವಿನ್‌ನ ತಾಯಿ ಲೋರ್ನಾ ಪಾಸೆಕ್ ಅವರ ದನಿ — "ಅವನಿಗೆ ವಕೀಲರು ಬೇಕಿತ್ತಂತೆ. ನನ್ನ ಮಗನಿಗೆ ಯಾರಿದ್ರು?"



ವಕೀಲ ಮಿತ್ರರು ಮಾರ್ಲಿಸ್ ಪರವಾಗಿ ಪ್ರಚಾರ ಸಮಿತಿ ಕಟ್ಟುತ್ತೇವೆ ಎಂದು ಹೊರಟರು. ಮಾರ್ಲಿಸ್ ಬಿಡಲಿಲ್ಲ. "ಬರಿಯೋದು ಬರ್ದಾಯ್ತು. ಈಗ ಅದಕ್ಕೆ ಬಣ್ಣ ಬಳಿಯೋಕೆ ಬೀದೀಲಿ ನಿಲ್ಲಲಾ? ಹೋಗ್ರಪ್ಪ, ಕೆಲಸ ನೋಡ್ಕೊಳ್ಳಿ" ಎಂದು ಅಟ್ಟಿದರು. ನಾನು? ಮೊಕದ್ದಮೆ ಇನ್ನೂ ನನ್ನ ಮುಂದೆಯೇ ಇತ್ತು. ಅದರ ಬಗ್ಗೆ ನಾನು ತುಟಿ ಬಿಚ್ಚುವಂತಿರಲಿಲ್ಲ. ಕಾನೂನು ನನ್ನ ಬಾಯಿ ಕಟ್ಟಿತ್ತು — ನಿಜ. ಬಾಯಿ ಕಟ್ಟಿದ್ದಕ್ಕೆ ಒಳಗೊಳಗೇ ನೆಮ್ಮದಿಯಾಗಿತ್ತು — ಅದೂ ನಿಜ.

ಅವರು ಸೋತರು. ಪರವೂರಿನವರು ಸೋಲಿಸಲಿಲ್ಲ. ನಾವು, ಎರಡನೇ ಜಿಲ್ಲೆಯವರು, ಸೋಲಿಸಿದೆವು.

ಕ್ರಿಸ್ಮಸ್ಸಿಗೆ ಮುಂಚೆ ವಿಚಾರಣೆ ನಡೆಯಿತು. ಬಂದೂಕು ಸಿಕ್ಕಿತ್ತು, ಬೂಟಿನ ಗುರುತಿತ್ತು, ಕಣ್ಣಾರೆ ಕಂಡ ಲಾರಿ ಚಾಲಕನಿದ್ದ. ತಪ್ಪೊಪ್ಪಿಗೆ ಬೇಕಾಗಲೇ ಇಲ್ಲ. ಆ ಯುವಕನಿಗೆ ಜೀವಾವಧಿ ಶಿಕ್ಷೆಯಾಯಿತು. ನನ್ನ ಆದೇಶದಿಂದ ಕೊಲೆಗಾರನಿಗೆ ಲಾಭವಾಗಲಿಲ್ಲ, ಕೆವಿನ್‌ನ ಮನೆಯವರಿಗೆ ನಷ್ಟವಾಗಲಿಲ್ಲ. ಅದರ ಬೆಲೆ ತೆತ್ತವರು ಒಬ್ಬರೇ.

ಆ ತಿಂಗಳೇ ಅವರ ಫೋನ್ ಬಂತು.

"ಅರ್ಜಿ ಹಾಕಿದ್ಯಾ?"

"ಯಾವ ಅರ್ಜಿ?"

"ನನ್ನ ಜಾಗಕ್ಕೆ ಕಣೋ. ಪೆದ್ದನ ಥರ ಆಡ್ಬೇಡ."

"ಜನ ಏನಂತಾರೆ ಮಾರ್ಲಿಸ್?"

"ಅನ್ನೋದನ್ನೆಲ್ಲ ನನಗೇ ಅಂದು ಮುಗಿಸಿದ್ದಾರೆ. ನಿನ್ನ ಬೈಯೋಕೆ ಅವರಲ್ಲಿ ಉಸಿರು ಉಳಿದಿಲ್ಲ."

ಹಾಕಿದೆ. ಆಯೋಗದವರು ಕಳಿಸಿದ ಮೂರು ಹೆಸರಿನಲ್ಲಿ ನನ್ನದೂ ಇತ್ತು. ಗವರ್ನರ್ ನನ್ನ ಜೊತೆ ಮೀನು ಹಿಡಿಯುವುದರಿಂದ ಹಿಡಿದು ಸಂವಿಧಾನದವರೆಗೆ ಎಲ್ಲ ಮಾತಾಡಿದರು. ಪಾಸೆಕ್ ಪ್ರಕರಣದ ಬಗ್ಗೆ ಕೇಳಲಿಲ್ಲ. ಮೊದಲ ಆದೇಶ ನನ್ನದೆಂದು ಅಲ್ಲಿ ಯಾರಿಗೂ ನೆನಪಿದ್ದಂತಿರಲಿಲ್ಲ. — ನಾನು ನೆನಪು ಮಾಡಲಿಲ್ಲ. ಮುಂದೆ ನನ್ನ ಹೆಸರು ನಿಮ್ಮ ಮುಂದೆ ಬಂದಾಗ ನೀವು ಧಾರಾಳವಾಗಿ ಹೌದು ಎಂದಿರಿ. ಆ ಇರುಳು ಹೆಂಡತಿ ಕೇಕ್ ಕೊಯ್ದಳು. ನನ್ನ ತುಂಡನ್ನು ಹಾಗೇ ಎತ್ತಿ ಡಬ್ಬಿಯಲ್ಲಿಟ್ಟೆ.

ಮಾರ್ಲಿಸ್ ಊರಿಗೆ ವಾಪಸ್ ಬಂದು ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ವಕೀಲಿ ಶುರುಮಾಡಿದರು. ಒಂದು ದಿನ ನಮ್ಮೆದುರೇ ವಾದಕ್ಕೆ ಬಂದರು. ಅವರು ಕೆಳಗೆ ನಿಂತಿದ್ದಾರೆ, ನಾನು ಮೇಲೆ ಕೂತಿದ್ದೇನೆ. "ಗೌರವಾನ್ವಿತ ನ್ಯಾಯಮೂರ್ತಿಗಳೇ" ಎಂದು ನನ್ನ ಕಣ್ಣನ್ನೇ ನೋಡಿ ಅಂದರು. ಅದರಲ್ಲಿ ಒಂದಿಷ್ಟೂ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ವಾದ ಮುಗಿದ ಮೇಲೆ ಐವರೂ ಒಳಗೆ ಕೂರುತ್ತೇವೆ. ಎಲ್ಲರಿಗಿಂತ ಹೊಸಬ ಮೊದಲು ಮಾತಾಡಬೇಕು — ಹಿರಿಯರ ಮುಖ ನೋಡಿ ಅಭಿಪ್ರಾಯ ಬದಲಿಸಬಾರದೆಂದು. ಹೊಸಬ ನಾನು. ಮಾರ್ಲಿಸ್ ಅವರ ವಾದ ನಿಲ್ಲುವುದಿಲ್ಲ ಎಂದು ಮೊದಲು ಹೇಳಿದವನು ನಾನೇ. ಚೀಟಿಯೂ ನನಗೇ ಬಂತು. ಅವರ ವಿರುದ್ಧದ ತೀರ್ಪನ್ನು ನಾನೇ ಬರೆದೆ.

ಅದಾಗಿ ಸ್ವಲ್ಪ ದಿನಕ್ಕೆ ಕಾರು ನಿಲ್ಲಿಸುವ ಜಾಗದಲ್ಲಿ ಸಿಕ್ಕರು. ನಾನು ತಲೆ ತಗ್ಗಿಸಿದೆ.

"ಏನೋ, ಚಳೀಗೆ ಕುತ್ತಿಗೆ ಹಿಡ್ಕೊಂಡಿದ್ಯಾ?"

"ನಿಮ್ಮ ಕೇಸು, ಮಾರ್ಲಿಸ್..."

"ತಪ್ಪು ತೀರ್ಪು," ಎಂದರು. "ಆದ್ರೆ ಚೆನ್ನಾಗಿ ಬರ್ದಿದ್ದೀಯ. ನಂಗೋಸ್ಕರ ಒಂದು ಸಾಲು ಮೆತ್ತಗೆ ಮಾಡಿದ್ರೆ ನಿನ್ನ ಮುಖ ನೋಡ್ತಿರ್ಲಿಲ್ಲ." ಹಾಗೆಂದು ಕಾರಿನ ಹಿಂಬದಿಯಿಂದ ಮನೆಯಲ್ಲಿ ಮಾಡಿದ ಆಲೂಗಡ್ಡೆ ರೊಟ್ಟಿಯ ಪೊಟ್ಟಣ ತೆಗೆದು ಕೈಗಿಟ್ಟರು.

ಕೊನೆಯ ಸಲ ನೋಡಿದ್ದು ಅವರ ಮನೆಯಲ್ಲಿ, ಕಿಟಕಿ ಪಕ್ಕದ ಹಾಸಿಗೆಯಲ್ಲಿ. ಆವತ್ತು ಬಾಯಿಬಿಟ್ಟೆ. "ನಿಮ್ಮ ಕುರ್ಚೀಲಿ ಕೂರೋಕೆ ನಂಗೆ ಒಂದು ದಿನವೂ ಸಮಾಧಾನ ಆಗಿಲ್ಲ" ಎಂದೆ.

"ನನ್ನದ್ಯಾವಾಗ ಆಗಿತ್ತೋ ಅದು? ಎರಡನೇ ಜಿಲ್ಲೇದು. ಕೊಟ್ಟರು, ಕೂತೆ. ಏಳು ಅಂದರು, ಎದ್ದೆ."

ಅವರಿಗೆ ಅದು ಅಷ್ಟೇ. ನನಗಲ್ಲ. ಅವರು ಎದ್ದದ್ದು ನನ್ನ ಆದೇಶಕ್ಕಾಗಿ.

ಇನ್ನೊಂದೇ ಮಾತು. ಇಂದು ಬೆಳಿಗ್ಗೆ ಈ ಚರ್ಚಿನ ಕೆಳಮನೆಯಲ್ಲಿ ಕಾಫಿಯ ಹತ್ತಿರ ಲೋರ್ನಾ ಪಾಸೆಕ್ ಸಿಕ್ಕರು. ಅವರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. "ನೀವು ಬಂದಿದ್ದು ದೊಡ್ಡ ಮನಸ್ಸು" ಎಂದೆ. ಅವರು ಕಪ್ಪು ಕೆಳಗಿಟ್ಟರು.

"ದೊಡ್ಡ ಮನಸ್ಸೂ ಇಲ್ಲ, ಎಂಥದೂ ಇಲ್ಲ. ಅವಳಿಗೆ ಇಲ್ಲ ಅಂತ ಓಟು ಹಾಕಿದೆ. ನಾಳೆ ಕೇಳಿದ್ರೂ ಹಾಕ್ತೀನೇನೋ. ಆದ್ರೆ ಅಂಗಡೀಲಿ ನನ್ನ ಕಂಡ್ರೆ ಅವಳು ನಿಂತು ಮಾತಾಡ್ಸೋಳು. ಕೆವಿನ್ ಹೆಸರು ಹಿಡಿದು ಮಾತಾಡೋಳು. ಬೈದೆ, ಬೈಸ್ಕೊಂಡ್ಳು. ಮಾರನೇ ವಾರ ಮತ್ತೆ ನಿಂತಳು. ನೀವು ನನ್ನ ಕಂಡ ಕೂಡಲೇ ಸಾಮಾನಿನ ತಳ್ಳುಗಾಡಿ ತಿರುಗಿಸ್ಕೊಂಡು ಆಚೆ ಸಾಲಿಗೆ ಹೋಗ್ತೀರಲ್ಲ ಜಡ್ಜ್ ಸಾಹೇಬ್ರೇ."

ಹೌದು. ಹೋಗುತ್ತಿದ್ದೆ.

ಪ್ರತಿದಿನ ನಾನು ನ್ಯಾಯಾಲಯದೊಳಗೆ ಕಾಲಿಡುವಾಗ ಎಲ್ಲರೂ ಏಳಿ ಎಂದು ಒಬ್ಬರು ಕೂಗುತ್ತಾರೆ. ಜನ ಏಳುತ್ತಾರೆ — ಇಷ್ಟವಿದ್ದರೂ, ಇಲ್ಲದಿದ್ದರೂ. ಇಲ್ಲಿ ಕೂಗುವವರಿಲ್ಲ. ಹೌದು ಎಂದವರಾಗಲಿ, ಇಲ್ಲ ಎಂದವರಾಗಲಿ, ಯಾರಿಗೆ ಮನಸ್ಸಿದೆಯೋ ಅವರು ಮಾರ್ಲಿಸ್ ಟ್ವೆಟ್ ಅವರಿಗಾಗಿ ಒಂದು ನಿಮಿಷ ಮೌನವಾಗಿ —

ಲೋರ್ನಾ ಅವರೇ... ನೀವು ಆಗಲೇ ಎದ್ದು ನಿಂತಿದ್ದೀರಿ.

ಬನ್ನಿ. ನಾವೂ ಏಳೋಣ.