ಕನ್ನಡಿಯೊಳಗಿನ ಮುಖ

ಖಾನಾಪುರದಿಂದ ಬೆಳಗಾವಿಗೆ ಹೊರಟ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಫೋಟೋ ಅಂಗಡಿಯ ರಸೂಲಸಾಬರೂ ಅವರ ಕಿರಿಯ ಮಗಳು ಶೈಸ್ತಾಳೂ ಕುಳಿತಿದ್ದರು. ಅವಳ ಕೈಯಲ್ಲಿ ಕ್ಯಾಮೆರಾ, ಅವರ ಕೈಯಲ್ಲಿ ಅಂಗೈಯಗಲದ ಕನ್ನಡಿ.

“ಹೋದ ಮದುವ್ಯಾಗ ಏನ ಮಾಡಿದಿ, ಹೇಳು.”

“ಕನ್ನಡಿ ಅಂಚು ಚೊಕ್ಕ ಬಂತು. ಒಳಗಿದ್ದ ಮದುಮಕ್ಕಳ ಮಾರಿ ಮಸಕಾತು.”

“ಯಾಕ?”

“ಅಂಚಿಗೆ ಫೋಕಸ್ ಹಿಡದಿದ್ದೆ.”

“ಕನ್ನಡಿ ಹತ್ತರ ಐತಿ, ಅದರೊಳಗಿನ ಮಾರಿ ದೂರ ಐತಿ. ಕ್ಯಾಮೆರಾಕ್ಕ ಅದು ತಿಳಿಯಂಗಿಲ್ಲ, ನೀನ ಹೇಳಬೇಕು. ಫೋಕಸ್ ಚುಕ್ಕಿ ಒಳಗಿನ ಕಣ್ಣಿನ ಮ್ಯಾಲ ಇಡು.”

“ನಾಳೆ ಅಕ್ಕನ ಮದುವ್ಯಾಗ ನೀವ ತಗೀರಲಾ, ಅಬ್ಬಾ. ಅಕಿದೂ ಕೆಡಿಸಿದ್ರ?”

“ಹೆಂಗಸರ ಖೋಲ್ಯಾಗ ನಾ ಹೆಂಗ ಬರ್ಲಿ? ಗಂಡ ಹೆಂಡ್ತಿ ಕನ್ನಡ್ಯಾಗ ಮೊದಲ ಸಲ ಮಾರಿ ನೋಡೂದು ಒಮ್ಮೆ ಅಷ್ಟ. ನಿಮ್ಮಕ್ಕ ಸನಮ್‌ನ ಆ ಮಾರಿ ನನಗ ನಿನ್ನ ಫೋಟೋದಾಗ ಕಂಡರ ಉಂಟು.”

“ಬಸ್ ಅಲಗಾಡತೈತ್ರಿ.”

“ನಾಳೆ ನಿನ್ನ ಕೈ ಇದಕ್ಕಿಂತ ಜಾಸ್ತಿ ಅಲಗಾಡತಾವ. ತಗಿ.”

ಅವರು ತಮ್ಮ ಮುಖ ಅವಳಿಗೆ ಕಾಣುವಂತೆ ಕನ್ನಡಿಯನ್ನು ವಾಲಿಸಿ ಹಿಡಿದರು. ಅವಳು ಮೂರು ಸಲ ತೆಗೆದು ಮೂರನ್ನೂ ಅಳಿಸಿದಳು. ನಾಲ್ಕನೆಯದನ್ನು ಹಿಗ್ಗಿಸಿ ನೋಡತೊಡಗಿದಳು.

“ಮತ್ತ ಕೆಡಿಸಿದೇನು?”

“ಇಲ್ರಿ. ರೆಪ್ಪಿ ಕೂದಲಾ ಎಣಸಬಹುದು. ಅಬ್ಬಾ, ನಿಮ್ಮ ಕಣ್ಣಾಗ ನೀರೈತಿ.”

“ಕಿಡಕಿ ಗಾಳಿ.”

“ಕಿಡಕಿ ಮುಚ್ಚೇತ್ರಿ.”

“ಹಂಗಾರ ಫೋಕಸ್ ಖರೇನ ಹಿಡದೈತಿ,” ಎಂದರು ರಸೂಲಸಾಬರು. “ಏಳು, ಕೋಟೆ ಸ್ಟಾಪ್ ಬಂತು.”

ಇಬ್ಬರೂ ಇಳಿದು ಹೋದರು.