ನೀರುದಾಕ್

ಅಧ್ಯಕ್ಷರಾದ ಶೀನಪ್ಪನವರೇ, ಪುಸ್ತಕ ಬಿಡುಗಡೆ ಮಾಡಿದ ಅತಿಥಿಗಳೇ, ಕೊಡಿಯಾಲ್‌ಬೈಲಿನ ಟ್ರಾಫಿಕ್ಕನ್ನು ಗೆದ್ದು ಬಂದ ಸಭಿಕರೇ,

ನಾನು ಅನುವಾದಿಸಿದ ಐರ್ಲೆಂಡಿನ ಈ ಕವಯಿತ್ರಿ ಬರೆಯುವುದು ಹದಿನಾಲ್ಕು ಸಾಲಿನ ಸುನೀತಗಳನ್ನೇ. ಆದರೆ ಸಾಲನ್ನು ನಡುವೆ ಮುರಿಯುತ್ತಾರೆ. ಐರಿಷ್ ಮತ್ತು ಇಂಗ್ಲಿಷನ್ನು ಬೆಸೆದು ಹೊಸ ಪದ ಕಟ್ಟುತ್ತಾರೆ. ಹೀಗೆ ಅವರು ಕಟ್ಟಿದ, ನೀರು ಎಂಬ ಅರ್ಥದ ಒಂದು ಪದ ನನಗೆ ಕನ್ನಡದಲ್ಲಿ ತಿಂಗಳುಗಟ್ಟಲೆ ದಕ್ಕಲಿಲ್ಲ.

ಆಗ ಮಗಳು ಯಶ್ಮಿತಾಗೆ ಮೂರು ವರ್ಷ. ಇನ್ನೂ ಮಾತು ಬಂದಿರಲಿಲ್ಲ. ನಮ್ಮದು ತುಳು, ಹೆಂಡತಿ ಶರೊನ್‌ಳದ್ದು ಕೊಂಕಣಿ. ‘ಮಗುವಿಗೆ ಗೊಂದಲ, ಒಂದೇ ಭಾಷೆ ಮಾತಾಡಿ’ ಎಂದು ಬಂಧುಗಳು ಹೇಳಿದರು. ಕನ್ನಡವನ್ನು ಆರಿಸಿಕೊಂಡೆವು. ಶರೊನ್ ಜೋಗುಳ ನಿಲ್ಲಿಸಿದಳು. ಕನ್ನಡ ಸಲೀಸಲ್ಲದ ನನ್ನ ಅಮ್ಮ ಗುಲಾಬಿ ಮೌನವಾದರು. ಮದುವೆಯ ದಿನದಿಂದಲೂ ಅತ್ತೆ ಸೊಸೆಯರ ನಡುವೆ ಮಾತು ಅಷ್ಟಕ್ಕಷ್ಟೇ. ಅಂಥ ಮನೆಯಲ್ಲಿ ಮಗು ಯಾರಿಂದ ಮಾತು ಕಲಿಯಬೇಕು?

ಒಂದು ದಿನ ನಾನು ಆ ಪದವನ್ನು ಹೊಗಳುತ್ತಿದ್ದಾಗ ಶರೊನ್ ಹೇಳಿದಳು: “ಅವರು ಎರಡು ಭಾಷೆ ಸೇರಿಸಿದ್ರೆ ಪ್ರಶಸ್ತಿ ಕೊಡ್ತಾರೆ. ನಮ್ಮ ಮಗು ಸೇರಿಸಿದ್ರೆ ಡಾಕ್ಟರ್ ಹತ್ರ ಹೋಗ್ಲಿಕ್ಕೆ ಹೇಳ್ತಾರೆ. ಇದು ಎಂತ ನ್ಯಾಯ?”

ಅಂದೇ ಅವಳು ಮಗುವಿನೊಡನೆ ಕೊಂಕಣಿಗೆ ಮರಳಿದಳು. ಅದನ್ನು ಕೇಳಿ ಅಮ್ಮನೂ ಮೆಲ್ಲನೆ ತುಳು ಶುರುಮಾಡಿದರು.

ಮಳೆಗಾಲ ಮುಗಿದ ಒಂದು ಮಧ್ಯಾಹ್ನ, ಅಜ್ಜಿ ಮತ್ತು ತಾಯಿಯ ನಡುವೆ ನಿಂತು, ಖಾಲಿ ಲೋಟ ಎತ್ತಿ ಹಿಡಿದು ಮಗು ಹೇಳಿತು: “ನೀರುದಾಕ್!”

ಅಜ್ಜಿಯ ನೀರ್, ತಾಯಿಯ ಉದಾಕ್! ಇಬ್ಬರೂ ಒಟ್ಟಿಗೆ ಅಡುಗೆಮನೆಗೆ ಓಡಿದರು, ಬಾಗಿಲಲ್ಲಿ ಡಿಕ್ಕಿ ಹೊಡೆದರು. ನಕ್ಕರು. ಮತ್ತೆ ಅತ್ತರು. ಅವರಿಬ್ಬರು ಜೊತೆಯಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಾತು ಬಂದದ್ದು ಆ ಎರಡು ಭಾಷೆಗಳಿಂದಲೇ ಎಂದು ನಾನು ಹೇಳಲಾರೆ. ಬಂತು, ಅಷ್ಟೇ ಗೊತ್ತು.

ಮಗುವಿನ ಪದವನ್ನೇ ಅನುವಾದದಲ್ಲಿ ಇಟ್ಟೆ. ಪ್ರಕಾಶಕ ಯೂಸ್ಟೇಸ್, “ಪ್ರಿಂಟ್ ಮಿಸ್ಟೇಕ್ ಅಂತಾರೆ ಮಾರಾಯ” ಎಂದರು. “ಅನ್ನಲಿ, ಆದ್ರೆ ತೆಗಿಬೇಡಿ” ಎಂದೆ. ತೆಗೆಯಲಿಲ್ಲ, ಅವರಿಗೆ ಋಣಿ.

ಇಂದು ಬೆಳಿಗ್ಗೆ ಗಂಜಿ ಉಣ್ಣುವಾಗ ಅಮ್ಮ ಸೊಸೆಗೆ ಹೇಳಿದರು: “ಶರೊನ್, ಮೀಟ್ ಕೊರ್ಲ.” ಉಪ್ಪು ಕೊಂಕಣಿಯದು, ‘ಕೊಡು’ ತುಳುವಿನದು. ಶರೊನ್ ಉಪ್ಪಿನ ಡಬ್ಬಿ ಅತ್ತ ಸರಿಸಿದಳು. ನಾನು ಮಾತ್ರ ಗಂಜಿ ಉಣ್ಣುವುದನ್ನೇ ಮರೆತೆ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೂ, ಮುಂದಿನ ಸಾಲಿನಲ್ಲಿ ಪಿಸುಮಾತು ನಿಲ್ಲಿಸದ ಆ ಅತ್ತೆ ಸೊಸೆಯರಿಗೂ ಧನ್ಯವಾದ. ನಮಸ್ಕಾರ.