ಹಗ್ಗದ ಈಚೆ

ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಅಕ್ಕನ ಯಜಮಾನರು, ನಮ್ಮ ಭಾವನವರಿಗೂ, ಅಕ್ಕನ ಮಗಳಿಗೂ ನಮಸ್ಕಾರ. ನಮ್ಮ ಹುಲ್ಲಕ್ಕ ತೀರಿಹೋಗಿ ವಾರವಾಯಿತು. ಕಚೇರಿಯಲ್ಲಿ ಈಗ ಬೈಯುವವರೇ ಇಲ್ಲ.

ಕಡಲ ದಂಡೆಯ ಮರಳುದಿಬ್ಬದ ಹುಲ್ಲನ್ನು ಕಾಯುವುದು ಅಕ್ಕ, ನಾನು, ನಮ್ಮಿಬ್ಬರ ಕೆಲಸ. ಕೇಳಿದವರು ನಗುತ್ತಾರೆ. ನಗಲಿ. ದಿಬ್ಬದ ಮರಳನ್ನು ಹಿಡಿದಿಡುವುದು ಆ ಹುಲ್ಲೇ. ಹೋದ ವರ್ಷ ಬಿರುಗಾಳಿ ಎದ್ದಿತು — ಅಲೆ ಬಂತು, ನೆಲೆ ಹೋಯಿತು. ಹುಲ್ಲೆಲ್ಲ ಮರಳಿನಡಿ ಹೂತುಹೋಯಿತು. ದೊಡ್ಡ ಸಾಹೇಬರು ಬೂಟುಗಾಲಲ್ಲಿ ದಿಬ್ಬದ ನೆತ್ತಿಗೇರಿ, "ಎಲ್ಲಾ ಸತ್ತಿದೆಯಲ್ಲಮ್ಮಾ, ಹೊಸದಾಗಿ ನೆಡಿಸೋಣ" ಎಂದರು. ಅಕ್ಕ ಕೆಳಗಿನಿಂದಲೇ ಕೂಗಿದರು: "ಸಾರ್, ಮರಳು ಮೇಲೆ ಬಿದ್ರೆ ಅದು ಏಳುತ್ತೆ. ನೀವು ಮೇಲೆ ನಿಂತ್ರೆ ಏಳಲ್ಲ. ಇಳೀರಿ!" — ಸಾಹೇಬರು ಇಳಿದರು. ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ, ನನ್ನ ಪುಣ್ಯ.

ಮರಳು ಮುಚ್ಚಿದಷ್ಟೂ ಈ ಹುಲ್ಲು ಇನ್ನೊಂದು ಗೆಣ್ಣು ಮೇಲೆ ಬೆಳೆದು, ಗೆಣ್ಣಿಂದ ಬೇರು ಬಿಟ್ಟು, ಮತ್ತೆ ತಲೆಯೆತ್ತುತ್ತದೆ. ಗಾಳಿಯನ್ನು ತಾಳುತ್ತದೆ, ಉಪ್ಪನ್ನು ತಾಳುತ್ತದೆ. ನಮ್ಮ ಕಾಲನ್ನು ತಾಳುವುದಿಲ್ಲ. ಅದಕ್ಕೇ ಸುತ್ತ ಹಗ್ಗ. ಕಟ್ಟಿದ್ದು ನಾವು — ಬಿಚ್ಚಿದ್ದು, ಸಂಜೆ ಗಾಳಿಗೆ ಬಂದ ನೀವು. ಮತ್ತೆ ಕಟ್ಟಿದೆವು, ಮತ್ತೆ ಬಿಚ್ಚಿದಿರಿ. ಬೈಯುತ್ತಿಲ್ಲ, ಅಕ್ಕನಷ್ಟು ಶಕ್ತಿ ನನಗಿಲ್ಲ. ಸುಸ್ತಾಗಿದೆ, ಅಷ್ಟೆ.

ಆಸ್ಪತ್ರೆಯ ಮಂಚದಲ್ಲೂ ಆಕೆ ಕೇಳಿದ್ದು ಇದನ್ನೇ.

"ಹಗ್ಗ ಇದೆಯೇನೋ?"

"ಇದೆ ಅಕ್ಕಾ."

"ಹುಲ್ಲು?"

"ಇನ್ನೂ ಕಾಣಿಸ್ತಿಲ್ಲ."

"ಬರುತ್ತೆ. ನೀನು ಹೋಗಿ ಹೋಗಿ ಇಣುಕಬೇಡ."

ಈಗ ಕಷ್ಟದ ಮಾತು. ಹೊರಗೆ ಟ್ರ್ಯಾಕ್ಟರ್ ನಿಂತಿದೆ. ಅದರಲ್ಲಿ ಭಾವನವರು ಪ್ರೀತಿಯಿಂದ ಮಾಡಿಸಿದ ಕಲ್ಲುಬೆಂಚು, ಬೆಂಚಿನ ಮೇಲೆ ಅಕ್ಕನ ಹೆಸರು. ಸಭೆ ಮುಗಿದ ಮೇಲೆ ಎಲ್ಲರೂ ದಿಬ್ಬ ಹತ್ತಿ ಅದನ್ನು ಅಲ್ಲಿಟ್ಟು ಬರುವುದೆಂದು ಮಾತಾಗಿದೆ.

— ಭಾವಾ, ಇವತ್ತು ಬೆಳಿಗ್ಗೆ ಹಗ್ಗದ ಈಚೆಯಿಂದಲೇ ನೋಡಿದೆ. ಬಂದಿದೆ. ಬೆರಳುದ್ದ, ದಿಬ್ಬದ ತುಂಬ. ಅದರ ಮೇಲೆ ಟ್ರ್ಯಾಕ್ಟರ್ — ಬೇಡ ಭಾವಾ. ಬೆಂಚು ರಸ್ತೆಯ ಪಕ್ಕದಲ್ಲಿರಲಿ. ಅಲ್ಲಿ ಕೂತರೂ ದಿಬ್ಬ ಕಾಣುತ್ತದೆ.

— ಭಾವ ಹೂಂ ಎಂದು ತಲೆಯಾಡಿಸುತ್ತಿದ್ದಾರೆ. "ಅವಳಿದ್ದಿದ್ರೆ ನನ್ನನ್ನೂ ಇಳಿಸ್ತಿದ್ಲು" ಅನ್ನುತ್ತಿದ್ದಾರೆ. ಹೌದು ಭಾವಾ. ಕೂಗಿಯೇ ಇಳಿಸುತ್ತಿದ್ದರು.

ಸರಿ. ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಅಲ್ಲಲ್ಲ — ಇಲ್ಲೇ, ಈ ಸಿಮೆಂಟು ನೆಲದ ಮೇಲೆ. ಇದಕ್ಕೇನೂ ಆಗುವುದಿಲ್ಲ. ಸ್ವಲ್ಪ ಹೊತ್ತು, ಅಕ್ಕನಿಗಾಗಿ, ಸುಮ್ಮನೆ ನಿಲ್ಲೋಣ.